ಸಾರ್ವಭೌಮ ಯಾರು: ಪ್ರಭುತ್ವವೋ, ಪ್ರಜೆಯೋ?

ರಾಷ್ಟ್ರದ ಸಾರ್ವಭೌಮತ್ವದ ಹೆಸರೆತ್ತಿದೊಡನೆ ಪ್ರಜೆ ಬಾಯಿ ಮುಚ್ಚಬೇಕೆಂದು ಬಯಸುವವರು ಆ ಸಿದ್ಧಾಂತದ ಚರಿತ್ರೆಯನ್ನು ಓದಿದಂತೆ ಕಾಣುವುದಿಲ್ಲ. 1576ರಲ್ಲಿ ಅದಕ್ಕೆ ವ್ಯಾಖ್ಯೆ ನೀಡಿದ ಫ್ರಾನ್ಸಿನ ಬೋದಾನ್, ಅರಸನೂ ದೈವಿಕ ಹಾಗೂ ನೈಸರ್ಗಿಕ ನಿಯಮಗಳಿಗೆ ಅಧೀನನೆಂದೇ ಬಗೆದಿದ್ದ. 1651ರಲ್ಲಿ ಅಪರಿಮಿತ ಅಧಿಕಾರವನ್ನು ಸಮರ್ಥಿಸಿದ ಹಾಬ್ಸ್ ಕೂಡ, ಪ್ರಭುವೇ ಕೊಲ್ಲಬಂದಾಗ ಪ್ರತಿರೋಧಿಸುವ ಹಕ್ಕನ್ನು ಪ್ರಜೆಯಿಂದ ಕಸಿದಿರಲಿಲ್ಲ. ಈ ಕಡಿವಾಣವನ್ನು ಕಿತ್ತೆಸೆದವನು ಜರ್ಮನಿಯ ಕಾರ್ಲ್ ಶ್ಮಿಟ್. ಕಾನೂನನ್ನು ಬದಿಗಿಡಬೇಕಾದ ಅಸಾಧಾರಣ ಸನ್ನಿವೇಶ ಯಾವುದೆಂದು ತೀರ್ಮಾನಿಸುವವನೇ ಸಾರ್ವಭೌಮ ಎಂದು 1922ರಲ್ಲಿ ವಾದಿಸಿದ ಆತ, 1933ರಲ್ಲಿ ನಾಝಿ ಪಕ್ಷವನ್ನು ಸೇರಿದ.

ಈ ವಿಷ ಜರ್ಮನಿಗಷ್ಟೇ ಸೀಮಿತವೇ? 1976ರ ಎಪ್ರಿಲ್ 28ರಂದು, ತುರ್ತು ಪರಿಸ್ಥಿತಿಯ ನಡುವೆ, ಎಡಿಎಂ ಜಬಲ್ಪುರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೈಕಿ ನಾಲ್ವರು, ಬಂಧಿತನಿಗೆ ಹೇಬಿಯಸ್ ಕಾರ್ಪಸ್‌ನ ಮೊರೆ ಹೋಗುವ ಹಕ್ಕೂ ಇಲ್ಲವೆಂದು ತೀರ್ಪಿತ್ತರು. ಪೊಲೀಸನೊಬ್ಬ ದ್ವೇಷದಿಂದ ಕೊಂದರೂ ಪರಿಹಾರವಿಲ್ಲವೇ ಎಂಬ ಪ್ರಶ್ನೆಗೆ ಅಟಾರ್ನಿ ಜನರಲ್ ನೀಡಿದ್ದ ಉತ್ತರವೂ 'ಇಲ್ಲ' ಎಂದೇ. ಭಿನ್ನಮತ ಬರೆದ ಎಚ್.ಆರ್. ಖನ್ನಾರಿಗೆ ಮುಖ್ಯ ನ್ಯಾಯಮೂರ್ತಿಯ ಪೀಠ ತಪ್ಪಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಅರ್ಜಿಯ ಮೇಲಿನ ತೀರ್ಪಿನಲ್ಲಿ ಆ ಕಳಂಕವನ್ನು ನ್ಯಾಯಾಲಯ ತೊಳೆದುಕೊಂಡದ್ದು 2017ರಲ್ಲಿ. 41 ವರ್ಷಗಳ ಬಳಿಕ!

ಆದರೂ ಮನೋಭಾವ ಬದಲಾಗಿಲ್ಲ. 2008ರ ತಿದ್ದುಪಡಿಯ ನಂತರ ಯುಎಪಿಎ ಅಡಿಯಲ್ಲಿ ಆರೋಪಪಟ್ಟಿಯಿಲ್ಲದೆ 180 ದಿನಗಳವರೆಗೆ ಸೆರೆಯಲ್ಲಿಡಬಹುದು, ಜಾಮೀನು ದುರ್ಲಭ. ಇದನ್ನು ಪ್ರಶ್ನಿಸಿದವನಿಗೆ ದೇಶದ್ರೋಹಿಯ ಪಟ್ಟ!

ಸಂವಿಧಾನದ ಪೀಠಿಕೆ ಮಾತಿಗಾರಂಭಿಸುವುದು ಸರಕಾರದ ಹೆಸರಿನಲ್ಲಲ್ಲ, ಜನರ ಹೆಸರಿನಲ್ಲಿ. ಒಡೆಯನಿಗೆ ಲೆಕ್ಕ ಕೊಡಲು ಹಿಂಜರಿಯುವ ಸೇವಕನನ್ನು ಸಾರ್ವಭೌಮನೆನ್ನಲು ಸಾಧ್ಯವೇ?