ನೀರಿಗಿಳಿದು ಅಳೆದವರು

ಮೊನ್ನೆ ರಾಣೆಬೆನ್ನೂರಿನ ಚಹಾದಂಗಡಿಯಲ್ಲಿ ಬ್ಯಾಡಗಿ ಕಡೆಯ ಹಿರಿಯರೊಬ್ಬರು ಮೊಬೈಲ್ ತೋರಿಸಿ ನಮ್ಮನ್ನು ತರಾಟೆಗೆ ತೆಗೆದುಕೊಂಡರು. ‘ಇದರಾಗ ಮಳಿ ಅಂತ ತೋರಸ್ತೈತಿ. ಹೊರಗ ಬಿಸಲು ನೋಡ್ರಿ. ಕಂಪ್ಯೂಟರ್ ಲೆಕ್ಕ ಎಲ್ಲಾ ಸುಳ್ಳರೀ.’

ನಮಗೆ ನೆನಪಾದದ್ದು ಶರಾವತಿ ಹಿನ್ನೀರು. ಪಕ್ಕದ ಶಿವಮೊಗ್ಗ ಜಿಲ್ಲೆಯ ಆ ನೀರಿನ ಮೇಲೆ 2020ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ‘ಸರಸ್-3’ ಎಂಬ ರೇಡಿಯೋ ಉಪಕರಣ ತೇಲಿಬಿಟ್ಟಿದ್ದರು. ಚಿಕ್ಕಬಳ್ಳಾಪುರ ಜಿಲ್ಲೆಯ ದಂಡಿಗಾನಹಳ್ಳಿ ಕೆರೆಯಲ್ಲೂ ಅದನ್ನು ಇಳಿಸಿದ್ದರು. ಹುಡುಕುತ್ತಿದ್ದದ್ದು ಮೊದಲ ನಕ್ಷತ್ರಗಳು ಹುಟ್ಟುವ ಕಾಲದ ಹೈಡ್ರೋಜನ್ ಅನಿಲದ ಸುಳಿವು. ಈ ಅನಿಲದ ರೇಡಿಯೋ ಅಲೆ 21 ಸೆಂಟಿಮೀಟರ್ ಉದ್ದದ್ದು. ವಿಶ್ವ ಹಿಗ್ಗಿದಂತೆ ಅದೂ ಹಿಗ್ಗಿ, ನಮ್ಮನ್ನು ಮುಟ್ಟುವಾಗ ನಾಲ್ಕೈದು ಮೀಟರ್ ಆಗಿರುತ್ತದೆ. ಅಂದರೆ ನಾವು ಎಫ್‌ಎಂ ಕೇಳುವ ಜಾಗಕ್ಕಿಂತ ತುಸು ಕೆಳಗೆ. ಅದಕ್ಕೇ ಊರುಗಳ ಗದ್ದಲದಿಂದ ದೂರ ಹೋಗಬೇಕು.

ನೀರೇ ಯಾಕೆ? ನೆಲದಡಿ ಮೇಲೆ ಎರೆಮಣ್ಣು, ಕೆಳಗೆ ಗರಸು, ಅದರ ಕೆಳಗೆ ಬಂಡೆ ಇರುವುದು ರೈತರಿಗೆ ಗೊತ್ತು. ಒಂದೊಂದು ಪದರವೂ ಉಪಕರಣವನ್ನು ಒಂದೊಂದು ರೀತಿ ದಾರಿ ತಪ್ಪಿಸುತ್ತದೆ. ನೀರು ಹಾಗಲ್ಲ, ಮೇಲಿಂದ ಕೆಳಗೆ ಒಂದೇ ಸಮ.

ಇಷ್ಟು ಒದ್ದಾಟಕ್ಕೆ ಕಾರಣವಿತ್ತು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ‘ಎಡ್ಜಸ್’ ಎಂಬ ಉಪಕರಣ ಇಟ್ಟಿದ್ದ ಅಮೆರಿಕದ ತಂಡ, ಆ ಸುಳಿವು ಸಿಕ್ಕಿತೆಂದು 2018ರಲ್ಲಿ ಹೇಳಿತ್ತು. ಅದು ಯಾರ ಲೆಕ್ಕಕ್ಕೂ ಹೊಂದದಷ್ಟು ದೊಡ್ಡದಿತ್ತು. ಅದನ್ನು ಹೊಂದಿಸಲು ಜಗತ್ತಿನಾದ್ಯಂತ ಹೊಸ ಹೊಸ ಸಿದ್ಧಾಂತಗಳು ಬಂದವು. ಶರಾವತಿಯಲ್ಲಿ ಅಳೆದವರು 2022ರ ಫೆಬ್ರವರಿ 28ರಂದು ‘ನೇಚರ್ ಆಸ್ಟ್ರಾನಮಿ’ ಪತ್ರಿಕೆಯಲ್ಲಿ, ನಮಗೆ ಅಂಥದ್ದು ಕಾಣಲಿಲ್ಲ ಎಂದು ಬರೆದರು. ಅಂದು ರಾಷ್ಟ್ರೀಯ ವಿಜ್ಞಾನ ದಿನ. ಜಿಲ್ಲೆಯಲ್ಲಿ ಭಾಷಣ, ಹಾರ ತುರಾಯಿ ನಡೆದವು, ನಾವೂ ಅದನ್ನೇ ವರದಿ ಮಾಡಿದೆವು. ಹಿನ್ನೀರಿನ ಸುದ್ದಿ ಬಿಟ್ಟೆವು. ಅದು ನಮ್ಮದೇ ತಪ್ಪು.

ಕಂಪ್ಯೂಟರಿನ ಕೆಲಸ ಇಲ್ಲಿಗೆ ಮುಗಿಯಲಿಲ್ಲ. ರಾಣೆಬೆನ್ನೂರಿನ ಬೀಜದವರು ಒಂದೇ ತಳಿಯನ್ನು ಬೇರೆ ಬೇರೆ ಮಡಿಯಲ್ಲಿ ಹಾಕಿ, ಗೊಬ್ಬರ ನೀರು ಬದಲಿಸಿ ನೋಡುವುದಿಲ್ಲವೇ? ನಕ್ಷತ್ರಪುಂಜವನ್ನು ಮಡಿಯಲ್ಲಿ ಬೆಳೆಯಲಾಗದು. ಹಾಗಾಗಿ ಇಷ್ಟು ಹೈಡ್ರೋಜನ್, ಇಷ್ಟು ಬಿಸಿ, ಇಷ್ಟು ಬೆಳಕು ಎಂದು ಕಂಪ್ಯೂಟರಿಗೆ ಕೊಟ್ಟು, ಒಂದೊಂದು ಸಲ ಒಂದೊಂದು ಪ್ರಮಾಣ ಬದಲಿಸಿ, ಎಂಥ ಸುಳಿವು ಬರಬಹುದೆಂದು ನೋಡುತ್ತಾರೆ. ಆಮೇಲೆ ಅಳತೆಯ ಮುಂದಿಟ್ಟು ಹೊಂದದ್ದನ್ನು ಬದಿಗಿಡುತ್ತಾರೆ. 2022ರ ನವೆಂಬರಿನಲ್ಲಿ ಹಾಗೆ ಮಾಡಿದಾಗ, ಮಹಾಸ್ಫೋಟದ ಸುಮಾರು 20 ಕೋಟಿ ವರ್ಷಗಳ ನಂತರದ ನಕ್ಷತ್ರಪುಂಜಗಳು ರೇಡಿಯೋ ಅಲೆಗಳಲ್ಲಿ ವಿಪರೀತ ಪ್ರಖರವಾಗಿದ್ದವು ಎನ್ನುವ ಮಾದರಿಗಳು ಹಿಂದೆ ಬಿದ್ದವು. ಸುಳಿವು ಸಿಗದಿದ್ದರೂ ಅಷ್ಟು ತಿಳಿಯಿತು!

ಹಿರಿಯರ ಮೊಬೈಲಿನ ಮಳೆಯೂ ಇಂಥದೇ ಲೆಕ್ಕ. ಅದನ್ನು ಸುಳ್ಳೆಂದು ಬೈಯುವುದಕ್ಕಿಂತ, ನೆಲದ ಮೇಲೆ ಅಳೆಯುತ್ತಿರುವವರು ಯಾರು ಎಂದು ಕೇಳಬೇಕು ಎನ್ನುವುದು ನಮ್ಮ ವಾದ. ಹವಾಮಾನ ಆಧಾರಿತ ವಿಮೆ ತುಂಬಿದ ಬೆಳೆಗಾರರಿಗೆ ಅದು ದುಡ್ಡಿನ ಪ್ರಶ್ನೆ. ಅಲ್ಲಿ ಪರಿಹಾರ ನಿರ್ಧಾರವಾಗುವುದೇ ಮಳೆ, ಉಷ್ಣಾಂಶದ ಅಂಕಿಗಳ ಮೇಲೆ.

ಇಷ್ಟು ಹೇಳಿ, ನಿಮ್ಮೂರಿನ ಮಳೆಮಾಪಕ ಎಲ್ಲಿದೆ ಎಂದು ಕೇಳಿದೆವು. ಅವರು ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚಿಸಿದರು. ‘ಐತ್ರಿ. ಅದರ ಮ್ಯಾಲೆ ಹುಣಸಿಗಿಡದ ಟೊಂಗಿ ಬಾಗೇತಿ.’ ಸೋಮವಾರ ಹೋಗಿ ಫೋಟೋ ತೆಗೆಯುತ್ತೇವೆ.