ಮಗಳಿಗೆ ಟಿಕೆಟ್ ಸಿಕ್ಕಿತು, ಊರಿನ ಹೆಣ್ಣಿಗೆ?

1980ರ ಜನವರಿ 1ರಂದು ಸ್ವೀಡನ್ನಿನಲ್ಲಿ ಹೊಸ ಕಾನೂನೊಂದು ಜಾರಿಗೆ ಬಂದು, ಏಳು ತಿಂಗಳ ಕೂಸು ಕಾರ್ಲ್ ಫಿಲಿಪ್ ಯುವರಾಜನ ಪಟ್ಟ ಕಳೆದುಕೊಂಡ. ಆ ಪಟ್ಟ ಎರಡೂವರೆ ವರ್ಷದ ಅಕ್ಕ ವಿಕ್ಟೋರಿಯಾಗೆ ಹೋಯಿತು. ಗಂಡಾಗಲಿ ಹೆಣ್ಣಾಗಲಿ, ಮೊದಲು ಹುಟ್ಟಿದವರಿಗೇ ಸಿಂಹಾಸನ ಎಂಬ ಈ ನಿಯಮವನ್ನು ನೆದರ್ಲೆಂಡ್ಸ್ 1983ರಲ್ಲಿ, ನಾರ್ವೆ 1990ರಲ್ಲಿ, ಬೆಲ್ಜಿಯಂ 1991ರಲ್ಲಿ ಒಪ್ಪಿಕೊಂಡವು. ಬ್ರಿಟನ್ ಇನ್ನೂ ತಡಮಾಡಿ 2013ರಲ್ಲಿ ಕಾಯ್ದೆ ಮಾಡಿತು. ಈಗ ಸ್ವೀಡನ್, ನೆದರ್ಲೆಂಡ್ಸ್, ಬೆಲ್ಜಿಯಂ, ಸ್ಪೇನ್ ಅರಮನೆಗಳಲ್ಲಿ ಮುಂದಿನ ಪಟ್ಟಕ್ಕೆ ಕಾದಿರುವವರೆಲ್ಲ ಹೆಣ್ಣುಮಕ್ಕಳು. ಸ್ಪೇನಿನಲ್ಲಿ ಮಾತ್ರ ಹಳೆಯ ಕಟ್ಟಳೆ ಬದಲಾಗಿಲ್ಲ. ತಮ್ಮ ಹುಟ್ಟದ ಕಾರಣ ರಾಜಕುಮಾರಿ ಲಿಯೊನೋರ್ ಉತ್ತರಾಧಿಕಾರಿ.

ರಾಜರಿಲ್ಲದ ನಮ್ಮ ಶಿಕಾರಿಪುರ, ಸೊರಬಗಳ ಕಡೆ ನೋಡೋಣ. ಸೊರಬದಿಂದ ಎಸ್. ಬಂಗಾರಪ್ಪ 1967ರಿಂದ ವಿಧಾನಸಭೆಗೆ ಗೆಲ್ಲುತ್ತ ಬಂದರು. 1996ರಲ್ಲಿ ಅವರು ಲೋಕಸಭೆಗೆ ಹೋದಾಗ ತೆರವಾದ ಜಾಗಕ್ಕೆ ಬಂದದ್ದು ಮಗ ಕುಮಾರ್ ಬಂಗಾರಪ್ಪ. 2004ರಿಂದ 2023ರವರೆಗಿನ ಚುನಾವಣೆಗಳಲ್ಲಿ ಆ ಕ್ಷೇತ್ರದ ರಾಜಕೀಯ ಅಣ್ಣ ಕುಮಾರ್, ತಮ್ಮ ಮಧು ಇವರ ಜಿದ್ದಿನ ಸುತ್ತಲೇ ಸುತ್ತಿತು. 2008ರಲ್ಲಿ ಹರತಾಳು ಹಾಲಪ್ಪ ಗೆದ್ದದ್ದೊಂದೇ ಅಪವಾದ. ಶಿಕಾರಿಪುರದಲ್ಲಿ ಬಿ.ಎಸ್. ಯಡಿಯೂರಪ್ಪ 1983ರಲ್ಲಿ ಮೊದಲ ಸಲ ಗೆದ್ದರು. 2014ರಲ್ಲಿ ಅವರು ಸಂಸದರಾದಾಗ ಉಪಚುನಾವಣೆಯಲ್ಲಿ ಮಗ ರಾಘವೇಂದ್ರ ಬಂದರು. 2022ರಲ್ಲಿ ಯಡಿಯೂರಪ್ಪನವರೇ ಕ್ಷೇತ್ರವನ್ನು ಇನ್ನೊಬ್ಬ ಮಗ ವಿಜಯೇಂದ್ರರಿಗೆ ಬಿಟ್ಟುಕೊಡುವುದಾಗಿ ಸಾರಿದರು. ಮರುವರ್ಷ ವಿಜಯೇಂದ್ರ ಶಾಸಕರಾದರು, ಬಿಜೆಪಿಯ ರಾಜ್ಯಾಧ್ಯಕ್ಷರೂ ಆದರು. ಜನ ಮತ ಹಾಕಿಯೇ ಇವರೆಲ್ಲ ಗೆದ್ದದ್ದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮತ ಹಾಕುವ ಮೊದಲೇ ಯಾರ ಮಗ ನಿಲ್ಲಬೇಕೆಂಬುದು ತೀರ್ಮಾನವಾಗಿರುತ್ತದೆ. ಆ ತೀರ್ಮಾನದಲ್ಲಿ ಹೆಣ್ಣುಮಕ್ಕಳ ಹೆಸರು ಬರುವುದಿಲ್ಲ.

ಬಂಗಾರಪ್ಪನವರ ಮಗಳು ಗೀತಾ ಶಿವರಾಜ್‌ಕುಮಾರ್ ಎರಡು ಸಲ ನಿಂತರಲ್ಲ ಎನ್ನಬಹುದು. ಎಲ್ಲಿ ನಿಂತರು ಎಂಬುದನ್ನೂ ನೋಡಬೇಕು. ಸೊರಬದ ವಿಧಾನಸಭಾ ಕ್ಷೇತ್ರ ಗಂಡುಮಕ್ಕಳ ಪಾಲಿಗಿತ್ತು. ಮಗಳಿಗೆ ಸಿಕ್ಕಿದ್ದು ಶಿವಮೊಗ್ಗ ಲೋಕಸಭಾ ಕ್ಷೇತ್ರ. 2014ರಲ್ಲಿ ಜೆಡಿಎಸ್‌ನಿಂದ ನಿಂತಾಗ ಎದುರಿಗಿದ್ದವರು ಖುದ್ದು ಯಡಿಯೂರಪ್ಪ. 2024ರಲ್ಲಿ ಕಾಂಗ್ರೆಸ್‌ನಿಂದ ನಿಂತಾಗ ಎದುರಿಗಿದ್ದವರು ಅದೇ ಮನೆಯ ರಾಘವೇಂದ್ರ. ಸೋಲಿನ ಅಂತರ ಎರಡು ಲಕ್ಷ ನಲವತ್ತು ಸಾವಿರ ಮತಗಳನ್ನೂ ದಾಟಿತು. ಅದಕ್ಕೂ ಮೊದಲು 2018ರ ಉಪಚುನಾವಣೆ, 2019ರ ಚುನಾವಣೆ ಎರಡರಲ್ಲೂ ಮಧು ಅದೇ ಕಣದಲ್ಲಿ ಸೋತಿದ್ದರು. ಗೆಲ್ಲುವ ಹೊಲ ಗಂಡುಮಕ್ಕಳಿಗೆ, ಬರಡು ನೆಲ ಮಗಳಿಗೆ ಎಂಬ ಪಾಲುಪಟ್ಟಿ ಇದು.

ಈ ಪಾಲುಪಟ್ಟಿ ಮಲೆನಾಡಿಗೆ ಹೊಸದಲ್ಲ. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ ಸೀಮೆ ಇದು. ದೇವರಾಜ ಅರಸರ ಕಾಲದ ಭೂಸುಧಾರಣೆಯಿಂದ ಉಳುವವನ ಹೆಸರಿಗೆ ಭೂಮಿ ಬಂತು. ಬಗ್ಗಿ ನಾಟಿ ಮಾಡಿದ ಹೆಂಗಸಿನ ಹೆಸರು ಪಹಣಿಗೆ ಏರಿದ್ದು ಅಪರೂಪ. 1994ರಲ್ಲಿ ಕರ್ನಾಟಕ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಸಮಪಾಲು ಕೊಟ್ಟಿತು, 2005ರಲ್ಲಿ ಇಡೀ ದೇಶವೇ ಕೊಟ್ಟಿತು. ಆ ತಿದ್ದುಪಡಿಯ ದಿನ ತಂದೆ ಬದುಕಿರಲಿ ಇಲ್ಲದಿರಲಿ, ಮಗಳು ಹುಟ್ಟಿನಿಂದಲೇ ಪಾಲುದಾರಳು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಷ್ಟಾದರೂ ಪೌತಿ ಖಾತೆಯ ಹೊತ್ತಿಗೆ ಅಕ್ಕತಂಗಿಯರನ್ನು ಕರೆಸಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವುದು ನಿಂತಿಲ್ಲ. ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಕೊಡುತ್ತಾರೆ. ತವರಿನ ಬಾಗಿಲು ಮುಚ್ಚೀತೆಂಬ ಭಯಕ್ಕೆ ಅವರು ಸಹಿ ಹಾಕುತ್ತಾರೆ. ಅಡಿಕೆ ತೋಟಕ್ಕೆ ನಡೆಯುವ ಈ ಲೆಕ್ಕವೇ ವಿಧಾನಸಭಾ ಕ್ಷೇತ್ರಕ್ಕೂ ನಡೆಯುತ್ತಿದೆ.

ನಮ್ಮಲ್ಲೂ ರಾಣಿಯರಿದ್ದರಲ್ಲ ಎಂದು ಕೆಳದಿಯತ್ತ ಬೊಟ್ಟು ಮಾಡುವವರಿದ್ದಾರೆ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದ ಚೆನ್ನಮ್ಮಾಜಿಯ ಬಗ್ಗೆ ನನಗೂ ಎದೆತುಂಬುವ ಅಭಿಮಾನವಿದೆ. ಆದರೆ ಆಕೆ ಪಟ್ಟಕ್ಕೆ ಬಂದದ್ದು ಗಂಡ ಸೋಮಶೇಖರ ನಾಯಕ ಸತ್ತ ಮೇಲೆ. ಆಕೆಯ ನಂತರ ಅದು ಹೋದದ್ದು ದತ್ತುಮಗನಿಗೆ. ಕೊನೆಯ ರಾಣಿ ವೀರಮ್ಮಾಜಿಯೂ ವಿಧವೆಯಾಗಿಯೇ ಅಧಿಕಾರ ಹಿಡಿದವರು. ಮೈಸೂರಿನಲ್ಲೂ ಅಷ್ಟೆ. ಶ್ರೀಕಂಠದತ್ತ ಒಡೆಯರ್ 2013ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡಾಗ ಅವರ ಅಕ್ಕತಂಗಿಯರಲ್ಲಿ ಯಾರಿಗೂ ಪಟ್ಟ ಬರಲಿಲ್ಲ. ಅಕ್ಕ ಗಾಯತ್ರಿ ದೇವಿಯವರ ಮೊಮ್ಮಗ ಯದುವೀರರನ್ನು 2015ರಲ್ಲಿ ದತ್ತು ಪಡೆಯಲಾಯಿತು. ರಕ್ತ ಹೆಣ್ಣಿನ ಮೂಲಕ ಹರಿದರೂ ಗದ್ದುಗೆ ಗಂಡಿಗೇ ಉಳಿಯಿತು. ಯದುವೀರರು 2024ರಲ್ಲಿ ಮೈಸೂರಿನ ಸಂಸದರೂ ಆದರು.

ಹಾಗಾದರೆ ಸ್ವೀಡನ್ನಿನ ಹಾಗೆ ಇಲ್ಲಿಯೂ ಹಿರಿಮಗಳಿಗೇ ಕ್ಷೇತ್ರ ಕೊಡಿ ಎಂದು ಕೇಳಬೇಕೇ? ಖಂಡಿತ ಬೇಡ. ನನ್ನ ಜಗಳ ಇರುವುದೇ ಇಲ್ಲಿ. 2024ರ ಲೋಕಸಭಾ ಚುನಾವಣೆಗೆ ರಾಜ್ಯದಲ್ಲಿ ಕಾಂಗ್ರೆಸ್ ಆರು ಮಹಿಳೆಯರನ್ನು ನಿಲ್ಲಿಸಿ ಹೆಮ್ಮೆಪಟ್ಟಿತು. ಪ್ರಿಯಾಂಕಾ ಜಾರಕಿಹೊಳಿ, ಸಂಯುಕ್ತಾ ಪಾಟೀಲ, ಸೌಮ್ಯಾ ರೆಡ್ಡಿ ಮೂವರೂ ಮಂತ್ರಿಗಳ ಮಕ್ಕಳು. ಪ್ರಭಾ ಮಲ್ಲಿಕಾರ್ಜುನ್ ಮಂತ್ರಿಯ ಪತ್ನಿ. ಗೀತಾ ಮಂತ್ರಿ ಮಧು ಅವರ ಅಕ್ಕ. ಮಂತ್ರಿಮನೆಯ ಹೊರಗಿನಿಂದ ಬಂದವರು ಅಂಜಲಿ ನಿಂಬಾಳ್ಕರ್ ಒಬ್ಬರೇ. ದಾವಣಗೆರೆಯಲ್ಲಂತೂ ಎರಡೂ ಪಕ್ಷಗಳು ಹೆಣ್ಣುಮಕ್ಕಳನ್ನೇ ನಿಲ್ಲಿಸಿದವು: ಒಬ್ಬರು ಶಾಮನೂರು ಕುಟುಂಬದ ಸೊಸೆ, ಇನ್ನೊಬ್ಬರು ಆಗಿನ ಸಂಸದರ ಪತ್ನಿ. ಅಂದರೆ ಹೆಣ್ಣು ವಾರಸುದಾರರು ನಮ್ಮಲ್ಲೂ ಹೆಚ್ಚುತ್ತಿದ್ದಾರೆ. ಇವರಲ್ಲಿ ಸಮರ್ಥರಿಲ್ಲ ಎನ್ನುವುದು ಅನ್ಯಾಯವಾದೀತು. ಆದರೆ ಕುಟುಂಬದ ಗೋಡೆಯೊಳಗೆ ಹೆಣ್ಣಿಗೆ ಜಾಗ ಸಿಕ್ಕಿದ ಮಾತ್ರಕ್ಕೆ ಗೋಡೆಯ ಹೊರಗಿನ ಹೆಣ್ಣಿಗೆ ಏನೂ ಸಿಗುವುದಿಲ್ಲ. ಯಾವ ಮನೆತನದ ಆಸರೆಯೂ ಇಲ್ಲದೆ ಪಕ್ಷದೊಳಗೆ ಬೆಳೆದ ಶೋಭಾ ಕರಂದ್ಲಾಜೆಯಂಥವರು ಅಪವಾದವಾಗಿಯೇ ಉಳಿದಿದ್ದಾರೆ. 224 ಸ್ಥಾನಗಳ ವಿಧಾನಸಭೆಗೆ 2023ರಲ್ಲಿ ಗೆದ್ದ ಮಹಿಳೆಯರು ಹತ್ತೇ ಮಂದಿ.

ಲೋಕಸಭೆ, ವಿಧಾನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಭಾಗ ಮೀಸಲಿಡುವ ತಿದ್ದುಪಡಿಗೆ ಸಂಸತ್ತು 2023ರಲ್ಲಿ ಒಪ್ಪಿಗೆ ಕೊಟ್ಟಿತು. ಜನಗಣತಿ, ಕ್ಷೇತ್ರ ಮರುವಿಂಗಡಣೆ ಮುಗಿದ ಮೇಲೆ ಎಂಬ ಷರತ್ತನ್ನೂ ಜೊತೆಗೇ ಹಾಕಿತು. ಅದು ಜಾರಿಯಾದಾಗ ಇಲ್ಲಿಯ ಕ್ಷೇತ್ರಗಳು ಮೀಸಲಾದರೆ ಏನಾದೀತೆಂದು ಊಹಿಸುವುದು ಕಷ್ಟವಲ್ಲ. ಇಷ್ಟು ವರ್ಷ ನೆನಪಾಗದ ಮಗಳು, ಸೊಸೆ ಒಂದೇ ರಾತ್ರಿಯಲ್ಲಿ ನಾಯಕಿಯರಾಗುತ್ತಾರೆ, ಮಹಿಳಾ ಸಬಲೀಕರಣದ ಫ್ಲೆಕ್ಸುಗಳು ಏಳುತ್ತವೆ.

ಹೊರಗಿನ ಹೆಣ್ಣುಮಕ್ಕಳು ಎಲ್ಲಿದ್ದಾರೆ ಎಂದು ಪಕ್ಷಗಳು ಕೇಳಿದರೆ ಅದು ನೆಪ. ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೇ ಇದೆ. ಉದ್ಯೋಗ ಖಾತ್ರಿಯ ಕಾಮಗಾರಿ, ಕುಡಿಯುವ ನೀರು, ಬಗರ್‌ಹುಕುಂ ಅರ್ಜಿಗಳ ನಡುವೆ ಐದು ವರ್ಷ ಹೆಣಗಿದ ಸದಸ್ಯೆಯರು ಪ್ರತಿ ಹೋಬಳಿಯಲ್ಲೂ ಇದ್ದಾರೆ. ಅವಧಿ ಮುಗಿದು ಮೀಸಲಾತಿ ಬದಲಾದ ಕೂಡಲೇ ಅವರನ್ನು ಮನೆಗೆ ಕಳಿಸಿ ಮರೆಯುವುದು ಎಲ್ಲ ಪಕ್ಷಗಳ ಚಾಳಿ. ಅಕ್ಕಮಹಾದೇವಿ ಹುಟ್ಟಿದ ಉಡುತಡಿ ಇರುವುದು ಶಿಕಾರಿಪುರ ತಾಲ್ಲೂಕಿನಲ್ಲೇ. ಅಕ್ಕನ ಹೆಸರಿನಲ್ಲಿ ಪ್ರತಿಮೆ ನಿಲ್ಲಿಸಲು ನಮಗೆ ಉತ್ಸಾಹವಿದೆ, ಅದೇ ಊರುಗಳ ಹೆಣ್ಣುಮಕ್ಕಳಿಗೆ ಬಿ ಫಾರಂ ಕೊಡಲು ಇಲ್ಲ.

ಸೊರಬದ, ಶಿಕಾರಿಪುರದ ಮತದಾರರೇ, ಮುಂದಿನ ಸಲ ಪಕ್ಷದವರು ಮನೆ ಬಾಗಿಲಿಗೆ ಬಂದಾಗ ಅಭ್ಯರ್ಥಿ ಯಾರ ಮಗ, ಯಾರ ಮಗಳು ಎಂದು ಕೇಳಬೇಡಿ. ನಮ್ಮ ಪಂಚಾಯಿತಿಯಲ್ಲಿ ದುಡಿದ ಹೆಣ್ಣುಮಗಳ ಹೆಸರು ನಿಮ್ಮ ಪಟ್ಟಿಯಲ್ಲಿ ಏಕಿಲ್ಲ ಎಂದು ಕೇಳಿ, ಉತ್ತರ ಸಿಗುವವರೆಗೂ ಬಿಡಬೇಡಿ.