ಕಾರ್ಡಿನಲ್ಲಿ ಉಳಿದ ಕಾಸು ಯಾರದು?

ಪರರ ಹಣ ನಮ್ಮ ಕೈಯಲ್ಲಿ ಉಳಿದ ಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ. ಅಕ್ಷರ ಬಾರದವರೂ ಅರಿತ ನ್ಯಾಯವಿದು. ಆದರೆ ಆ ಹಣ ತೀರ ಸ್ವಲ್ಪವಾಗಿದ್ದರೆ? ಅದರ ಒಡೆಯನೇ ಅದನ್ನು ಮರೆತಿದ್ದರೆ? ಅದನ್ನು ಇಟ್ಟುಕೊಂಡಿರುವುದು ನೆರೆಮನೆಯವನಾಗಿರದೆ ದೊಡ್ಡದೊಂದು ಸಂಸ್ಥೆಯಾಗಿದ್ದರೆ? ಆಗಲೂ ನ್ಯಾಯ ಅದೇ ಆಗಿರುತ್ತದೆಯೆ? ನಗರಗಳ ಮೆಟ್ರೊ ರೈಲು ಹಾಗೂ ಬಸ್ಸುಗಳಲ್ಲಿ ಮುಂಗಡ ಹಣ ತುಂಬಿಸಿ ಬಳಸುವ ಕಾರ್ಡುಗಳಲ್ಲಿ ಖರ್ಚಾಗದೆ ಉಳಿದುಬಿಡುವ ಶಿಲ್ಕಿನ ಕುರಿತು ಈ ವಾರ ನಾವು ವಾಚಕ ಬಂಧುಗಳೊಡನೆ ವಿಚಾರ ಮಾಡಬಯಸುತ್ತೇವೆ.

ದಿಗ್ಗೇವಾಡಿಗೂ ಮೆಟ್ರೊ ರೈಲಿಗೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ಕೆಲವರು ಕೇಳಬಹುದು. ಸಂಬಂಧವಿದೆ. ಕೃಷ್ಣಾ ತೀರದ ನಮ್ಮ ಭಾಗದ ಯುವಕ ಯುವತಿಯರು ಇಂದು ಕಬ್ಬಿನ ಹೊಲವನ್ನೇ ನಂಬಿ ಕುಳಿತಿಲ್ಲ. ರಾಯಬಾಗದಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗುವವರು, ಮೀರಜ ದಾಟಿ ಪುಣೆಯನ್ನು ಸೇರುವವರು ಪ್ರತಿಯೊಂದು ಓಣಿಯಲ್ಲೂ ಇದ್ದಾರೆ. ಕೆಲವರಿಗೆ ಅಲ್ಲಿ ಕೆಲಸ ನಿಲ್ಲುತ್ತದೆ, ಕೆಲವರಿಗೆ ನಿಲ್ಲುವುದಿಲ್ಲ. ವರ್ಷವೋ ಎರಡು ವರ್ಷವೋ ದುಡಿದು ಊರಿಗೆ ಮರಳುವಾಗ ಅವರ ಜೇಬಿನಲ್ಲಿ ಆ ಕಾರ್ಡೂ ಬರುತ್ತದೆ. ಅದರಲ್ಲಿ ನಲವತ್ತೋ ಎಂಬತ್ತೋ ರೂಪಾಯಿ ಉಳಿದಿರುತ್ತದೆ. ಅದನ್ನು ರಾಯಬಾಗದ ಪೇಟೆಯಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲ. ಅದನ್ನು ಪಡೆಯಲೆಂದೇ ಬೆಂಗಳೂರಿಗೆ ಹೋಗಿಬಂದರೆ ಅದರ ಹತ್ತು ಪಟ್ಟು ಖರ್ಚು. ಕಾರ್ಡು ಟ್ರಂಕಿನ ತಳ ಸೇರುತ್ತದೆ.

ಈ ಸಂಗತಿಯ ಹಳೆಯ ರೂಪ ನಮಗೆಲ್ಲ ಚಿರಪರಿಚಿತ. ಬಸ್ಸಿನ ನಿರ್ವಾಹಕರು ಚಿಲ್ಲರೆ ಇಲ್ಲದಾಗ ಟಿಕೇಟಿನ ಹಿಂಬದಿಯಲ್ಲಿ ಕೊಡಬೇಕಾದ ಮೊತ್ತವನ್ನು ಬರೆದು, “ಇಳಿಯಾಗ ಇಸ್ಕೋರಿ” ಎನ್ನುತ್ತಾರೆ. ಊರು ಬಂದಾಗ ಗಂಟು ಮೂಟೆ ಇಳಿಸುವ ಗಡಿಬಿಡಿಯಲ್ಲಿ ಪ್ರಯಾಣಿಕ ಅದನ್ನು ಮರೆತುಬಿಡುತ್ತಾನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತುದರಿಂದಲೂ ಮೊಬೈಲ್ ಮೂಲಕ ಹಣ ಕೊಡುವ ಅನುಕೂಲ ಬಂದುದರಿಂದಲೂ ಈ ತೊಡಕು ಕೊಂಚ ಕಡಿಮೆಯಾಗಿದೆ. ಆದರೂ ಆ ಹಳೆಯ ಪದ್ಧತಿಯಲ್ಲಿ ಒಂದು ಪ್ರಾಮಾಣಿಕತೆ ಇತ್ತೆಂಬುದನ್ನು ಮರೆಯಬಾರದು. ಟಿಕೇಟಿನ ಹಿಂದೆ ಬರೆದುದು ಸಾಲದ ಪತ್ರ. ಕೊಡಬೇಕಾದವರು ಯಾರು, ಪಡೆಯಬೇಕಾದವರು ಯಾರು ಎಂಬುದು ಇಬ್ಬರಿಗೂ ಗೊತ್ತಿತ್ತು. ಕಾರ್ಡು ಬಂದ ಮೇಲೆ ಆ ಸಾಲ ಕಣ್ಣಿಗೆ ಕಾಣದಾಯಿತು.

ಬೆಂಗಳೂರಿನ ‘ನಮ್ಮ ಮೆಟ್ರೊ’ ಮೊದಲ ಬಾರಿಗೆ 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ಓಡಿತು. ಅದರ ಸ್ಮಾರ್ಟ್ ಕಾರ್ಡಿನಿಂದ ಪ್ರಯಾಣಿಕನಿಗೆ ಲಾಭವಿಲ್ಲವೆಂದು ನಾವು ಹೇಳುವುದಿಲ್ಲ. ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ, ದರದಲ್ಲಿ ಶೇಕಡಾ 5ರಷ್ಟು ರಿಯಾಯಿತಿಯೂ ಇದೆ. ಆದರೆ 2025ರ ಫೆಬ್ರುವರಿ 9ರಂದು ಪ್ರಯಾಣ ದರ ಏರಿದಾಗ, ಗರಿಷ್ಠ ದರ 60 ರೂಪಾಯಿಯಿಂದ 90 ರೂಪಾಯಿಗೆ ಹೋಯಿತು. ಕಾರ್ಡಿನಲ್ಲಿ ಇರಲೇಬೇಕಾದ ಕನಿಷ್ಠ ಶಿಲ್ಕನ್ನೂ 90 ರೂಪಾಯಿಗೆ ನಿಗದಿಪಡಿಸಲಾಯಿತು. ಇದಕ್ಕೆ ಕಾರಣವಿಲ್ಲದಿಲ್ಲ. ಮೆಟ್ರೊದಲ್ಲಿ ಹಣ ಕಡಿತವಾಗುವುದು ಹೊರಬರುವ ಬಾಗಿಲಿನಲ್ಲಿ. ಒಳಹೋದವನು ಎಲ್ಲಿ ಇಳಿಯುವನೆಂದು ಒಳಹೋಗುವ ಬಾಗಿಲಿಗೆ ತಿಳಿಯದು. ಅತ್ಯಂತ ದೂರದ ನಿಲ್ದಾಣದ ದರವಾದರೂ ಅವನಲ್ಲಿರಲಿ ಎಂಬುದು ಅದರ ಲೆಕ್ಕ. ಆದರೆ ಪರಿಣಾಮವನ್ನು ನೋಡಿರಿ. ಈ ನಿಯಮದಂತೆ, ಕಾರ್ಡಿನಲ್ಲಿ 80 ರೂಪಾಯಿ ಇರುವವನು 10 ರೂಪಾಯಿ ದರದ ಸಮೀಪದ ನಿಲ್ದಾಣಕ್ಕೆ ಹೋಗಬೇಕೆಂದರೂ ಮತ್ತೆ ಹಣ ತುಂಬಬೇಕು. ಊರಿಗೆ ಮರಳುವವನು ಕೊನೆಯ ಕಾಸಿನವರೆಗೆ ಬಳಸಿ ಮುಗಿಸೋಣವೆಂದರೂ ಆಗದು.

ದೇಶದಾದ್ಯಂತ ಒಂದೇ ಕಾರ್ಡು ನಡೆಯಲೆಂದು 2019ರ ಮಾರ್ಚ್ 4ರಂದು ರಾಷ್ಟ್ರೀಯ ಸಾಮಾನ್ಯ ಸಂಚಾರ ಕಾರ್ಡನ್ನು ಜಾರಿಗೆ ತರಲಾಯಿತು. ಬೆಂಗಳೂರಿನ ಕಾರ್ಡು ಪುಣೆಯಲ್ಲೂ ನಡೆಯುವಂತಾಗುವುದು ನಮ್ಮ ಗಡಿಭಾಗದವರಿಗೆ ನಿಜಕ್ಕೂ ಉಪಕಾರ. ಆದರೆ 2024ರ ಫೆಬ್ರುವರಿ 23ರಂದು ಭಾರತೀಯ ರಿಸರ್ವ್ ಬ್ಯಾಂಕು ಸಾರ್ವಜನಿಕ ಸಾರಿಗೆಯ ಮುಂಗಡ ಕಾರ್ಡುಗಳ ಬಗ್ಗೆ ಹೊರಡಿಸಿದ ಆದೇಶದಲ್ಲಿ ಎರಡು ಮಾತುಗಳಿವೆ. ಗ್ರಾಹಕರ ಗುರುತಿನ ದಾಖಲೆ ಕೇಳದೆಯೇ ಕಾರ್ಡು ಕೊಡಬಹುದು, ಅದರಲ್ಲಿ 3000 ರೂಪಾಯಿಗಳವರೆಗೆ ಇರಿಸಬಹುದು, ಅದಕ್ಕೆ ಕಾಲಮಿತಿ ಇರಬೇಕಾಗಿಲ್ಲ ಎಂಬುದು ಒಂದು. ಅದರಿಂದ ನಗದು ತೆಗೆಯುವಂತಿಲ್ಲ, ಮರುಪಾವತಿ ಇಲ್ಲ, ಬೇರೆಡೆಗೆ ವರ್ಗಾವಣೆಯೂ ಇಲ್ಲ ಎಂಬುದು ಇನ್ನೊಂದು. ಗುರುತಿಲ್ಲದ ಕಾರ್ಡಿನ ಮೂಲಕ ಅಕ್ರಮ ಹಣ ಹರಿದಾಡಬಾರದೆಂಬ ಎಚ್ಚರ ಸರಿಯಾದುದೇ. ಆದರೆ ಅದರ ಭಾರ ಬೀಳುವುದು ಯಾರ ಮೇಲೆ? ಕಳ್ಳ ಹಣದವನು ಮೆಟ್ರೊ ಕಾರ್ಡನ್ನು ನೆಚ್ಚಿ ಕುಳಿತಿರುವನೆ?

ಇದೇ ದೇಶದಲ್ಲಿ ಬೇರೆ ಹಣಕ್ಕೆ ಬೇರೆ ನ್ಯಾಯವಿದೆ. ಬ್ಯಾಂಕಿನ ಖಾತೆಯಲ್ಲಿ 10 ವರ್ಷ ಯಾರೂ ಮುಟ್ಟದ ಹಣ 2014ರ ಯೋಜನೆಯಂತೆ ರಿಸರ್ವ್ ಬ್ಯಾಂಕಿನ ಠೇವಣಿದಾರರ ನಿಧಿಗೆ ಹೋಗುತ್ತದೆ. ಆದರೂ ಒಡೆಯನೋ ಅವನ ವಾರಸುದಾರನೋ ಯಾವಾಗ ಬಂದು ಕೇಳಿದರೂ ಕೊಡಲೇಬೇಕು. ಅಂಥ ಹಣವನ್ನು ಹುಡುಕಿಕೊಳ್ಳಲೆಂದು 2023ರ ಆಗಸ್ಟಿನಲ್ಲಿ ‘ಉದ್ಗಮ್’ ಎಂಬ ವ್ಯವಸ್ಥೆಯನ್ನೂ ರಿಸರ್ವ್ ಬ್ಯಾಂಕು ಆರಂಭಿಸಿತು. ನಮ್ಮ ಕಬ್ಬು ಬೆಳೆಗಾರರಿಗೆ ಇನ್ನೂ ಹತ್ತಿರದ ಉದಾಹರಣೆಯಿದೆ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಾರ್ಖಾನೆಯು ಕಬ್ಬು ಪಡೆದ 14 ದಿನಗಳೊಳಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ. ಈ ನಿಯಮ ಎಷ್ಟು ಪಾಲನೆಯಾಗುತ್ತಿದೆಯೆಂಬುದು ಬೇರೆ ಮಾತು. ಪರರ ಹಣವನ್ನು ಇಟ್ಟುಕೊಂಡವನು ಋಣಿ ಎಂಬ ತತ್ತ್ವವನ್ನಾದರೂ ಕಾಯಿದೆ ಒಪ್ಪಿದೆ. ರೈತನ ಬಾಕಿಗೆ ಸಲ್ಲುವ ತತ್ತ್ವ ಪ್ರಯಾಣಿಕನ ಶಿಲ್ಕಿಗೆ ಏಕೆ ಸಲ್ಲಬಾರದು?

ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ಐದನೆಯ ಭಾಗದಲ್ಲಿ ನ್ಯಾಯದ ಬಗೆಗಳನ್ನು ಬೇರ್ಪಡಿಸಿದ್ದಾನೆ. ಗೌರವ ಸಂಪತ್ತುಗಳ ಹಂಚಿಕೆಯಲ್ಲಿ ಪಾತ್ರರ ಯೋಗ್ಯತೆಯನ್ನು ನೋಡಬೇಕು, ಕೊಡು-ಕೊಳ್ಳುವಿಕೆಯಲ್ಲಿ ಹಾಗಲ್ಲ. ಅಲ್ಲಿ ಕೊಟ್ಟುದಕ್ಕೂ ಪಡೆದುದಕ್ಕೂ ಸಮತೂಕವಿದೆಯೆ ಎಂಬುದೊಂದೇ ಪ್ರಶ್ನೆ. ಕೊಟ್ಟವನು ದೊಡ್ಡವನೋ ಸಣ್ಣವನೋ ಎಂಬುದಲ್ಲ. ಸಂತ ಥಾಮಸ್ ಅಕ್ವಿನಾಸರು ಈ ವಿಚಾರವನ್ನೇ ಬೆಳೆಸಿ, ಪರರ ಸೊತ್ತನ್ನು ಮರಳಿಸುವುದು ಧರ್ಮಕಾರ್ಯವಲ್ಲ, ನ್ಯಾಯದ ಬಾಧ್ಯತೆ ಎಂದು ನಿರೂಪಿಸಿದರು. ಒಡೆಯನು ಯಾರೆಂದು ತಿಳಿಯದಿದ್ದರೆ? ಶಕ್ತಿಮೀರಿ ಹುಡುಕಬೇಕು, ಸಿಗದಿದ್ದರೆ ಅವನ ಹೆಸರಿನಲ್ಲಿ ಬಡವರಿಗೆ ಕೊಡಬೇಕು. ಇಟ್ಟುಕೊಂಡವನಿಗೆ ಮಾತ್ರ ಅದು ಸೇರದು.

ಮೊತ್ತ ಸಣ್ಣದು ಎಂಬ ಆಕ್ಷೇಪಣೆಗೂ ಹಳೆಯ ಉತ್ತರವಿದೆ. ಸಣ್ಣ ಸಣ್ಣ ಕಳವುಗಳಿಂದ ಕೂಡಿದ ಮೊತ್ತವು ಎಷ್ಟೇ ದೊಡ್ಡದಾದರೂ ಅದನ್ನು ಹಿಂದಿರುಗಿಸುವ ಗುರುತರ ಬಾಧ್ಯತೆಯಿಲ್ಲವೆಂದು 17ನೆಯ ಶತಮಾನದಲ್ಲಿ ಕೆಲವು ಪಂಡಿತರು ವಾದಿಸಿದರು. ಜಗದ್ಗುರು ಹನ್ನೊಂದನೆಯ ಇನ್ನೋಸೆಂಟರು 1679ರಲ್ಲಿ ಆ ವಾದವನ್ನು ಖಂಡಿಸಿದರು. ಸಾರಿಗೆ ಸಂಸ್ಥೆಗಳು ಕಳ್ಳತನ ಮಾಡುತ್ತಿವೆಯೆಂದು ನಾವು ಹೇಳುತ್ತಿಲ್ಲ. ಪ್ರಯಾಣಿಕನು ತಾನಾಗಿಯೇ ಹಣ ತುಂಬಿದ್ದಾನೆ. ಆದರೆ ಲೆಕ್ಕದ ರೀತಿ ಒಂದೇ. ಒಂದು ಕಾರ್ಡಿನಲ್ಲಿ 40 ರೂಪಾಯಿ ಉಳಿದರೆ ಅದು ಅಲ್ಪ. ಅಂಥ ಒಂದು ಲಕ್ಷ ಕಾರ್ಡುಗಳಿದ್ದರೆ 40 ಲಕ್ಷ. ಕಳೆದುಕೊಂಡವನಿಗೆ ಅದು ಕೇಳಲಾರದಷ್ಟು ಸಣ್ಣದು, ಇಟ್ಟುಕೊಂಡವನಿಗೆ ಬಿಡಲಾರದಷ್ಟು ದೊಡ್ಡದು. ಅನ್ಯಾಯ ನೆಲೆಯೂರುವುದು ಈ ಅಂತರದಲ್ಲಿಯೇ.

ಮರೆತುದು ಪ್ರಯಾಣಿಕನದೇ ತಪ್ಪಲ್ಲವೆ ಎನ್ನುವವರಿದ್ದಾರೆ. ಇರಬಹುದು. ಮರೆವು ಅಜಾಗರೂಕತೆಯಾದೀತೇ ಹೊರತು ದಾನವಾಗದು. ದಾನಕ್ಕೆ ಕೊಡುವ ಮನಸ್ಸು ಬೇಕು. ಕಾರ್ಡು ನಡೆಸಲು ಖರ್ಚಿಲ್ಲವೆ ಎಂದರೆ, ಅದನ್ನು ದರದಲ್ಲಿಯೋ ಕಾರ್ಡಿನ ಬೆಲೆಯಲ್ಲಿಯೋ ಬಹಿರಂಗವಾಗಿ ಪಡೆಯಲಿ.

ಹಾಗಾದರೆ ಆಗಬೇಕಾದುದೇನು? ಮೊದಲನೆಯದಾಗಿ, ಕೊನೆಯ ಪ್ರಯಾಣಕ್ಕೆ ಕನಿಷ್ಠ ಶಿಲ್ಕಿನ ನಿಯಮ ಅಡ್ಡಬಾರದಂತೆ ಮಾರ್ಗ ಕಲ್ಪಿಸಬೇಕು. ಎರಡನೆಯದಾಗಿ, ಗುರುತಿನ ದಾಖಲೆ ತೋರಿಸಿದವನಿಗೆ ಉಳಿದ ಹಣವನ್ನು ಅವನ ಬ್ಯಾಂಕ್ ಖಾತೆಗೆ, ಊರಿನಿಂದಲೇ ಅರ್ಜಿ ಹಾಕಿದರೂ, ಮರಳಿಸುವ ಅವಕಾಶವನ್ನು ರಿಸರ್ವ್ ಬ್ಯಾಂಕು ನೀಡಬೇಕು. ಮೂರನೆಯದಾಗಿ, ದೀರ್ಘಕಾಲ ಬಳಕೆಯಾಗದ ಕಾರ್ಡುಗಳಲ್ಲಿ ಎಷ್ಟು ಹಣವಿದೆಯೆಂಬುದನ್ನು ಪ್ರತಿಯೊಂದು ಸಂಸ್ಥೆಯೂ ವರ್ಷಕ್ಕೊಮ್ಮೆ ಪ್ರಕಟಿಸಬೇಕು. 2003ರಲ್ಲಿ ಆಯ್ಸ್ಟರ್ ಕಾರ್ಡನ್ನು ತಂದ ಲಂಡನ್ ನಗರದಲ್ಲಿ ಕಾರ್ಡಿನ ಹಣಕ್ಕೆ ಅವಧಿಯಿಲ್ಲ, ಕೇಳಿದವರಿಗೆ ಮರುಪಾವತಿಯುಂಟು. ಮಲಗಿರುವ ಕಾರ್ಡುಗಳಲ್ಲಿ ಕೋಟ್ಯಂತರ ಪೌಂಡು ಉಳಿದಿದೆಯೆಂಬುದು ಹೊರಬಿದ್ದುದು ಅಲ್ಲಿನ ಜನಪ್ರತಿನಿಧಿಗಳು ಪ್ರಶ್ನೆ ಕೇಳಿದುದರಿಂದ. ನಮ್ಮ ಶಾಸಕರೂ ಕೇಳಬಹುದಲ್ಲವೆ? ಕೊನೆಯದಾಗಿ, ಒಡೆಯನು ಎಂದಿಗೂ ಸಿಗದ ಹಣವನ್ನು ಬಡ ಪ್ರಯಾಣಿಕರಿಗೆ, ಕೂಲಿ ಅರಸಿ ಬರುವವರಿಗೆ, ಅಂಗವಿಕಲರಿಗೆ ಪ್ರಯಾಣದ ರೂಪದಲ್ಲಿಯೇ ಮರಳಿಸಬೇಕು. ಪ್ರಯಾಣಕ್ಕೆಂದು ಕೊಟ್ಟ ಹಣ ಪ್ರಯಾಣಕ್ಕೇ ಸಲ್ಲಲಿ.

ಆಡಳಿತ ಎಚ್ಚರಗೊಳ್ಳುವವರೆಗೆ ನಾವೂ ಸುಮ್ಮನಿರಬೇಕಾಗಿಲ್ಲ. ನಗರದಿಂದ ಮರಳುವ ಮಕ್ಕಳಿಗೆ ಹಿರಿಯರು ಒಂದು ಮಾತು ಹೇಳಲಿ: ಕಾರ್ಡನ್ನು ಟ್ರಂಕಿಗೆ ಹಾಕಬೇಡಿರಿ, ಅಲ್ಲಿಗೆ ಹೊರಟುನಿಂತ ಇನ್ನೊಬ್ಬರಿಗೆ ಕೊಡಿರಿ. ಹೊಸ ಊರಿನಲ್ಲಿ ಮೊದಲ ದಿನ ಕೆಲಸ ಹುಡುಕುವವನಿಗೆ ಎಂಬತ್ತು ರೂಪಾಯಿ ಅಲ್ಪವಲ್ಲ. ಅಂತೆಯೇ ನಮ್ಮ ಸಂಘಗಳಲ್ಲಿ, ಅಂಗಡಿಗಳಲ್ಲಿ, ಧರ್ಮಕೇಂದ್ರಗಳ ಲೆಕ್ಕಪುಸ್ತಕಗಳಲ್ಲಿ ಯಾರದೋ ಮರೆತ ಶಿಲ್ಕು ಉಳಿದಿದ್ದರೆ ಅವರ ಮನೆಗೆ ಒಯ್ದು ಕೊಡೋಣ. ದೊಡ್ಡವರಿಂದ ನ್ಯಾಯ ಕೇಳುವ ಬಾಯಿಗೆ ಬಲ ಬರುವುದು ಆಗಲೇ.